ಸುಸ್ತಿದಾರರ ಮನೆ

ಹುಣಸೂರು ಸೀಮೆಯ ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಸಾಲದ ಲೆಕ್ಕ ಮಗ್ಗಿಯ ಜೊತೆಜೊತೆಗೇ ಬಾಯಿಗೆ ಬರುತ್ತದೆ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಹದಕ್ಕೆ ನಾಟಿ, ಆಷಾಢದ ಹೊತ್ತಿಗೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ಗೆ ಏರಿಸಿ ವಾರವೆಲ್ಲ ಹಗಲು ರಾತ್ರಿ ಸೌದೆ ಉರಿಸಿ ಬೇಯಿಸುವುದು. ಇದೆಲ್ಲ ಮುಗಿದು ಹರಾಜು ಶುರುವಾಗುವುದು ಸೆಪ್ಟೆಂಬರ್ ಆಸುಪಾಸಿಗೆ. ಗೊಬ್ಬರದವನು, ಸೌದೆಯವನು, ಕೂಲಿಯಾಳು, ಟ್ರ್ಯಾಕ್ಟರಿನವನು ಎಲ್ಲರೂ ದುಡ್ಡು ಕೇಳುವುದು ಮೊದಲು. ಬೆಳೆಯ ದುಡ್ಡು ಕೈಗೆ ಬರುವುದು ಕೊನೆಗೆ. ಈ ನಡುವಿನ ತಿಂಗಳುಗಳನ್ನು ಸಾಲವಿಲ್ಲದೆ ದಾಟಿದ ಮನೆಯನ್ನು ನಾನಂತೂ ನಮ್ಮೂರಲ್ಲಿ ನೋಡಿಲ್ಲ.

ಹೊಗೆಸೊಪ್ಪಿನ ಸಾಲಕ್ಕೆ ಒಂದು ಕ್ರಮವೂ ಇದೆ. 1976ರಲ್ಲಿ ಹುಟ್ಟಿದ ತಂಬಾಕು ಮಂಡಳಿ ನಮ್ಮ ರಾಜ್ಯದಲ್ಲಿ ಹರಾಜು ಆರಂಭಿಸಿದ್ದು 1984ರಲ್ಲಿ. ಬ್ಯಾರನ್ ಲೆಕ್ಕದಲ್ಲಿ ಲೈಸೆನ್ಸು, ಲೈಸೆನ್ಸಿನ ಮೇಲೆ ಬ್ಯಾಂಕಿನ ಸಾಲ. ಕಟ್ಟೆಮಳಲವಾಡಿಯಲ್ಲೋ ಚಿಲ್ಕುಂದದಲ್ಲೋ ಪಿರಿಯಾಪಟ್ಟಣದ ಕಂಪಲಾಪುರದಲ್ಲೋ ಎಚ್.ಡಿ. ಕೋಟೆಯಲ್ಲೋ ಹರಾಜಿನಲ್ಲಿ ಸೊಪ್ಪಿನ ಬೇಲ್ ಮಾರಾಟವಾದರೆ ಸಾಲದ ಬಾಬ್ತು ಮುರಿದುಕೊಂಡು ಉಳಿದದ್ದು ರೈತನ ಖಾತೆಗೆ ಬರುತ್ತದೆ. ಒಳ್ಳೆಯ ವರ್ಷದಲ್ಲಿ ಬ್ಯಾಂಕಿನವರ ಮುಖ ನೋಡುವ ಪ್ರಮೇಯವೇ ಇಲ್ಲ. ಹಳೆ ಸಾಲ ತೀರುತ್ತದೆ, ಮುಂದಿನ ಬೇಸಿಗೆಗೆ ಹೊಸ ಸಾಲ ಸಿಗುತ್ತದೆ.

ಕೆ.ಆರ್. ನಗರದ ಕಡೆ ಗದ್ದೆಯ ಮನೆಗೆ ಸೇರಿದ ನನ್ನ ಸೋದರತ್ತೆಯದು ಇದೇ ಕಥೆಯ ಇನ್ನೊಂದು ರೂಪ. ಅವರದು ಸೊಸೈಟಿ ಸಾಲ, ಬಡ್ಡಿಯಿಲ್ಲ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಭತ್ತ ಮಿಲ್ಲಿಗೆ ಹಾಕಿ ದುಡ್ಡು ಬರುವುದು ತಡವಾಗಿ ಗಡುವು ದಾಟಿತೋ, ಇಲ್ಲದ ಬಡ್ಡಿ ಇದ್ದಕ್ಕಿದ್ದಂತೆ ಬಂದು ಕೂರುತ್ತದೆ. ಅದಕ್ಕೇ ಅತ್ತೆ ಗಡುವಿನ ವಾರದಲ್ಲಿ ಕೈಸಾಲ ಮಾಡಿ ಸೊಸೈಟಿಗೆ ಕಟ್ಟಿ, ಮತ್ತೆ ಸೊಸೈಟಿಯಲ್ಲಿ ಎತ್ತಿ ಕೈಸಾಲ ತೀರಿಸುತ್ತಿದ್ದರು. ಆ ಕೆಲವೇ ದಿನಕ್ಕೆ ಕೈಸಾಲದವನು ಹಿಡಿದುಕೊಳ್ಳುತ್ತಿದ್ದ ಬಡ್ಡಿ ಯಾವ ಸರ್ಕಾರಿ ಲೆಕ್ಕದಲ್ಲೂ ಬರುವುದಿಲ್ಲ.

ನಮ್ಮ ಮನೆಯ ಕ್ರಮ ತಪ್ಪಿದ್ದು 2018 ಮತ್ತು 2019ರ ಮಳೆಗಾಲಗಳಲ್ಲಿ. ಅಪ್ಪನದು ಒಂದು ಬ್ಯಾರನ್‌ನ ಲೈಸೆನ್ಸು, ನಾಲ್ಕು ಎಕರೆಗೂ ಕಡಿಮೆ ಕೆಂಪು ನೆಲ. ಮೊದಲ ವರ್ಷ ಇಳುವರಿ ಹೋಯಿತು. ಬ್ಯಾಂಕಿಗೆ ಅರ್ಧಂಬರ್ಧ ಸಂದಾಯವಾಯಿತು. ಆ ವರ್ಷ ಕುಮಾರಸ್ವಾಮಿಯವರ ಸರ್ಕಾರ ಸಾಲಮನ್ನಾ ಘೋಷಿಸಿತ್ತು. ಮನ್ನಾ ಪಟ್ಟಿಯಲ್ಲಿ ಹೆಸರು ಬರುತ್ತದೆಂದು ಊರಲ್ಲಿ ಎಷ್ಟೋ ಜನ ಕಟ್ಟದೆ ಕಾದರು. ಬಂದವರಿಗೆ ಬಂತು, ಬಾರದವರಿಗೆ ಬಾಕಿ ಬೆಳೆಯಿತು. ಎರಡನೇ ವರ್ಷ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹರಿಯಿತು, ಕೋಟೆ ಕಡೆ ಕಬಿನಿ ತುಂಬಿ ನೀರು ಬಿಟ್ಟರು. ನೀರು ನಿಂತ ಹೊಲದಲ್ಲಿ ಹೊಗೆಸೊಪ್ಪಿನ ಬೇರು ಉಸಿರುಗಟ್ಟುತ್ತದೆ. ಎಲೆಯ ಮೇಲಿನ ಅಂಟು ತೊಳೆದುಹೋಗುತ್ತದೆ. ಅಂಥ ಸೊಪ್ಪಿಗೂ ಬ್ಯಾರನ್‌ನಲ್ಲಿ ಅಷ್ಟೇ ಸೌದೆ ಬೇಕು, ಬೆಂದ ಮೇಲೆ ತೂಕವಿಲ್ಲ, ಬಣ್ಣವಿಲ್ಲ. ಹರಾಜಿನ ದಿನ ಅಪ್ಪ ತನ್ನ ಬೇಲಿನಿಂದ ಒಂದೆಲೆ ಎಳೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದರು. ಖರೀದಿದಾರರು ಆ ಸಾಲು ದಾಟಿ ಹೋಗುವ ಮೊದಲೇ ಅವರಿಗೆ ಬೆಲೆ ಗೊತ್ತಾಗಿತ್ತು.

ಆ ಹೊತ್ತಿಗೆ ಮನೆಯ ಮೇಲೆ ಮೂರು ಸಾಲಗಳಿದ್ದವು. ಬ್ಯಾಂಕಿನದು. ತಾತನ ಆಸ್ಪತ್ರೆ ಖರ್ಚಿಗೆಂದು ಪಕ್ಕದ ಊರಿನ ಸಾಹುಕಾರರಲ್ಲಿ ತಂದದ್ದು, ತಿಂಗಳಿಗೆ ನೂರಕ್ಕೆ ಮೂರು. ಅವ್ವನ ಹೆಸರಲ್ಲಿ ಒಂದು ಕಿರುಸಾಲ ಕಂಪನಿಯದು, ಊರ ಮಾತಲ್ಲಿ ‘ಸಂಘದ ಸಾಲ’, ವಾರವಾರ ಕಂತು. ಮೊತ್ತದಲ್ಲಿ ದೊಡ್ಡದು ಬ್ಯಾಂಕಿನದು, ಬಡ್ಡಿಯಲ್ಲಿ ದೊಡ್ಡದು ಸಾಹುಕಾರರದು. ಆದರೆ ಮನೆಯ ನೆಮ್ಮದಿ ಕೆಡಿಸಿದ್ದು ಮೂರರಲ್ಲಿ ಚಿಕ್ಕದಾದ ಸಂಘದ ಸಾಲ. ಯಾಕೆಂದರೆ ಅದು ಮನೆ ಬಾಗಿಲಿಗೆ ಬರುತ್ತಿತ್ತು.

ಕಂತು ತಪ್ಪಿದ ಮೊದಲ ವಾರ ಅವ್ವನ ಸಾಲದ ಗುಂಪಿನ ಹೆಂಗಸರೇ ಕೈಯಿಂದ ಹಾಕಿ ಸರಿದೂಗಿಸಿದರು. ಅವರೂ ಕೂಲಿ ಮಾಡಿ ಬದುಕುವವರು, ಎಷ್ಟು ವಾರ ಹಾಕಿಯಾರು? ಆಮೇಲೆ ವಸೂಲಿ ಹುಡುಗ ಬೈಕ್ ನಿಲ್ಲಿಸಿ ನಮ್ಮ ಜಗಲಿಯ ಮೇಲೆ ಕೂರತೊಡಗಿದ. ಒರಟು ಮಾತಾಡುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದ, ದೀಪ ಹಚ್ಚುವ ಹೊತ್ತಾದರೂ ಏಳುತ್ತಿರಲಿಲ್ಲ. ‘ಕಟ್ಟಿಸ್ಕೊಂಡೇ ಬಾ ಅಂದವ್ರೆ ಅಮ್ಮ, ಇಲ್ದಿದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ’ ಎನ್ನುತ್ತಿದ್ದ. ಅವನೂ ಪಿರಿಯಾಪಟ್ಟಣದ ಕಡೆಯ ರೈತನ ಮಗನೇ. ಬೀದಿಯಲ್ಲಿ ಹೋಗುವವರು ಬೈಕ್ ನೋಡಿ, ಜಗಲಿ ನೋಡಿ, ಮಾತಾಡಿಸದೆ ಮುಂದೆ ಹೋಗುತ್ತಿದ್ದರು. ಅವ್ವ ಒಳಗೆ ಒಲೆ ಹಚ್ಚದೆ ಕೂತಿರುತ್ತಿದ್ದಳು. ಹೊಗೆ ಕಂಡರೆ ‘ಅಡಿಗೆಗೆ ಇದೆ, ಕಂತಿಗೆ ಇಲ್ವಾ’ ಅಂದಾರೆಂದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಊರಿಗೆ ಬಂದಾಗ ಇದನ್ನು ಕಣ್ಣಾರೆ ಕಂಡೆ. ನಾನಾಗ ಕೆ.ಆರ್. ನಗರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ.

ಅಪ್ಪ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದರು. ಹೋಗಲೇಬೇಕಾದರೆ ಬ್ಯಾಂಕಿನ ರಸ್ತೆ ತಪ್ಪಿಸಿ ಕೆರೆ ಏರಿಯ ಮೇಲೆ ಬಳಸಿಕೊಂಡು ಹೋಗುತ್ತಿದ್ದರು. ಬ್ಯಾಂಕಿನಿಂದ ಬಂದ ಕಾಗದಗಳು ಒಡೆಯದೆ ಸೂರಿನ ಗಳುವಿಗೆ ಸಿಕ್ಕಿಕೊಂಡಿದ್ದವು. ಒಂದೊಂದೇ ತೆಗೆಯುತ್ತಿದ್ದಾಗ ಅಪ್ಪ, ‘ಓದಬ್ಯಾಡ ಕಣವ್ವ, ಅದ್ರಲ್ಲಿ ಏನೈತೆ ಅಂತ ನಂಗೊತ್ತು’ ಅಂದರು. ಜಪ್ತಿ, ಹರಾಜು, ಪೊಲೀಸು ಎಂದೆಲ್ಲ ಅವರು ಮನಸ್ಸಿನಲ್ಲೇ ಬರೆದುಕೊಂಡಿದ್ದರು. ಕಾಗದದಲ್ಲಿ ಇದ್ದದ್ದು ಬೇರೆ. ಸಾಲ ಗಡುವು ಮೀರಿದೆ, ಶಾಖೆಗೆ ಬಂದು ವ್ಯವಸ್ಥಾಪಕರನ್ನು ಭೇಟಿ ಮಾಡಿ ಎಂದಿತ್ತು. ಎಲ್ಲ ಕಾಗದದಲ್ಲೂ ಹೆಚ್ಚುಕಡಿಮೆ ಅಷ್ಟೇ.

ಆ ರಾತ್ರಿ ಊಟದ ಹೊತ್ತಲ್ಲಿ ತಾತ ಮಾತು ತೆಗೆದರು. ದೇವರಾಜ ಅರಸರ ಕಾಲದ ಮಾತು. ಅರಸರು ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯವರು, 1952ರ ಮೊದಲ ಚುನಾವಣೆಯಿಂದ ಹುಣಸೂರಿನ ಪ್ರತಿನಿಧಿ. ಹಾಗಾಗಿ ನಮ್ಮ ಹಿರಿಯರು ಅವರ ಕಾಯ್ದೆಗಳನ್ನೂ ಮನೆಯ ಸುದ್ದಿಯಂತೆಯೇ ಹೇಳುತ್ತಾರೆ. 1976ರ ಋಣ ಪರಿಹಾರ ಕಾಯ್ದೆ ಬಂದಾಗ ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು ಲೇವಾದೇವಿಯವರಿಗೆ ಕೊಡಬೇಕಾದ ಸಾಲ ರದ್ದಾಯಿತು, ಗಿರವಿ ವಸ್ತು ಹಿಂದಿರುಗಿಸಬೇಕಾಯಿತು. ತಾತನ ಅವ್ವ ಇಟ್ಟಿದ್ದ ಹಿತ್ತಾಳೆ ಹಂಡೆ ಮನೆಗೆ ಬಂದದ್ದು ಹಾಗೆ. ಅದೇ ವರ್ಷ ದೇಶದಲ್ಲಿ ಜೀತ ರದ್ದತಿ ಕಾಯ್ದೆಯೂ ಬಂತು. ಕೋಟೆ ಸೀಮೆಯಲ್ಲಿ ಅಪ್ಪನ ಸಾಲಕ್ಕೆ ಮಗ ದನ ಕಾಯುತ್ತಿದ್ದ ಮನೆಗಳನ್ನು ತಾತ ಕಂಡಿದ್ದರು. ‘ಹಂಡೆ ಬಂತು, ಸರಿ. ಮುಂದಿನ ವರ್ಷ ನಿಮ್ಮಜ್ಜಿ ಬಾಣಂತನಕ್ಕೆ ಹತ್ತು ರೂಪಾಯಿ ಬೇಕಾಯ್ತು. ಸಾವ್ಕಾರ ಬಾಗ್ಲೇ ತೆಗೀನಿಲ್ಲ’ ಅಂದರು. ಕಾಯ್ದೆ ಹಳೆಯ ಸಾಲ ಅಳಿಸಿತ್ತು. ಮುಂದಿನ ಕಷ್ಟಕ್ಕೆ ಎಲ್ಲಿಗಾದರೂ ಹೋಗೋಣವೆಂದರೆ ಬ್ಯಾಂಕು ಸೊಸೈಟಿಗಳು ಇನ್ನೂ ನಮ್ಮ ಹಳ್ಳಿಯವರೆಗೆ ಬಂದಿರಲಿಲ್ಲ. ತಾತ ಕೊನೆಗೆ ಅಪ್ಪನ ಕಡೆ ತಿರುಗಿ, ‘ಕೊಟ್ಟವ್ನ ಮುಂದೆ ಹೋಗಿ ನಿಂತ್ಕೊಂಡ್ರೆ ಅರ್ಧ ಭಾರ ಇಳೀತದೆ. ಸೋಮವಾರ ಮಗೀನ ಕರ್ಕೊಂಡು ಹೋಗು’ ಎಂದರು.

ಸೋಮವಾರ ರಜೆ ಹಾಕಿ ಅಪ್ಪನ ಜೊತೆ ಬ್ಯಾಂಕಿಗೆ ಹೋದೆ. ವ್ಯವಸ್ಥಾಪಕರು ಬಳ್ಳಾರಿ ಕಡೆಯವರು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಾಗ ಅವರು ಎದ್ದು, ‘ಒಳಗ ಬರ್ರಿ ಯಜಮಾನ್ರ, ಕುಂದರ್ರಿ’ ಎಂದರು. ಗಣಕಯಂತ್ರದಲ್ಲಿ ಖಾತೆ ತೆಗೆದು ಪೂರಾ ಲೆಕ್ಕ ಹೇಳಿದರು: ಅಸಲೆಷ್ಟು, ಬಡ್ಡಿಯೆಷ್ಟು, ಸುಸ್ತಿ ಬಡ್ಡಿಯೆಷ್ಟು. ಅಲ್ಪಾವಧಿ ಬೆಳೆಸಾಲ ಗಡುವು ದಾಟಿ ಎರಡು ಹಂಗಾಮು ಕಟ್ಟದೆ ಉಳಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ನಿಮ್ಮದು ಅದರ ಅಂಚಿನಲ್ಲಿದೆ ಎಂದರು. ಆಮೇಲೆ ನಮಗೆ ಗೊತ್ತೇ ಇರದ ಒಂದು ಸಂಗತಿ ಹೇಳಿದರು. ನೆರೆ, ಬರಗಳಲ್ಲಿ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದೆಯೆಂದು ಸರ್ಕಾರದ ಕಡೆಯಿಂದ ಖಾತ್ರಿಯಾದರೆ ಬೆಳೆಸಾಲವನ್ನು ಅವಧಿ ಸಾಲವಾಗಿ ಮಾರ್ಪಡಿಸಲು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಷ್ಟ ಶೇ 50ರೊಳಗಿದ್ದರೆ ಎರಡು ವರ್ಷದವರೆಗೆ, ಅದಕ್ಕಿಂತ ಹೆಚ್ಚಾದರೆ ಐದು ವರ್ಷದವರೆಗೆ ಅವಕಾಶ. ಅರ್ಜಿ ಕೊಡಿ, ಪಹಣಿ ಮತ್ತು ಬೆಳೆನಷ್ಟದ ದಾಖಲೆ ಜೋಡಿಸಿ ಎಂದರು.

ಅಪ್ಪ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, ‘ಬೈಯ್ಲೇ ಇಲ್ವಲ್ಲವ್ವ’ ಅಂದರು. ವರ್ಷವಿಡೀ ಅವರು ಹೆದರಿದ್ದು ಆ ಬೈಗುಳಕ್ಕೆ. ಗ್ರಾಮಲೆಕ್ಕಿಗರ ಕಚೇರಿ, ನಾಡಕಚೇರಿ, ತಾಲ್ಲೂಕು ಕಚೇರಿ ಅಲೆದು ದಾಖಲೆ ಕೂಡಿಸಿದೆವು. ಸಾಲ ಅವಧಿ ಸಾಲವಾಯಿತು. ಒಂದು ಪೈಸೆ ಮಾಫಿಯಾಗಲಿಲ್ಲ, ಆದರೆ ಒಂದೇ ಬೆಳೆಯ ತಲೆ ಮೇಲಿದ್ದ ಭಾರ ಹಲವು ಬೆಳೆಗೆ ಹಂಚಿತು.

ಸಾಹುಕಾರರ ಸಾಲದ್ದು ಬೇರೆ ದಾರಿ. 2019ರ ಜುಲೈ ಕೊನೆಯಲ್ಲಿ ರಾಜ್ಯದಲ್ಲಿ ಹೊಸ ಋಣ ಪರಿಹಾರ ಕಾಯ್ದೆ ಜಾರಿಯಾಗಿತ್ತು. ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರದ ಆದಾಯದವರು, ಎರಡು ಹೆಕ್ಟೇರಿನೊಳಗಿನ ಸಣ್ಣ ರೈತರು, ಭೂಮಿಯಿಲ್ಲದವರು ಖಾಸಗಿ ಲೇವಾದೇವಿಯವರಲ್ಲಿ ಮಾಡಿದ ಸಾಲಕ್ಕೆ ಅದು. ತೊಂಬತ್ತು ದಿನದೊಳಗೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲಕ್ಕೂ ಉಪವಿಭಾಗದ ಕಚೇರಿ ಹುಣಸೂರಿನಲ್ಲೇ. ಅಪ್ಪನ ಜೊತೆ ವಿಚಾರಿಸಲು ಹೋದ ದಿನ ಅಲ್ಲಿ ನಾಲ್ಕೂ ತಾಲ್ಲೂಕಿನ ಜನ. ಕಾಡಂಚಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದವರು, ಮಗು ಎತ್ತಿಕೊಂಡು ನಿಂತವರು. ಎಷ್ಟೋ ಹೆಂಗಸರ ಕೈಯಲ್ಲಿ ಸಂಘದ ಸಾಲದ ಪುಸ್ತಕಗಳು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳ ಸಾಲಕ್ಕೆ ಈ ಕಾಯ್ದೆ ಬರುವುದಿಲ್ಲವೆಂದು ತಿಳಿದು ಅವರೆಲ್ಲ ಮರಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವರ ಬಸ್ ಚಾರ್ಜಾದರೂ ಉಳಿಯುವಂತೆ ಮೊದಲೇ ತಿಳಿಸುವವರು ಊರಲ್ಲಿ ಒಬ್ಬರೂ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ನಮಗೆ ಅರ್ಜಿ ಹಾಕುವ ಅರ್ಹತೆಯಿತ್ತು. ಅಪ್ಪ ಹಾಕಲಿಲ್ಲ. ‘ರಾತ್ರಿ ಹೊತ್ತು ಹೋಗಿ ಬಾಗ್ಲು ತಟ್ಟಿದಾಗ ಎದ್ದು ಕೊಟ್ಟೋನು ಕಣವ್ವ. ಅವನ ಅಸಲು ತಿನ್ನಾಕಿಲ್ಲ ನಾನು’ ಎಂದರು. ಆದರೆ ಬಡ್ಡಿಯ ಮಾತು ಎತ್ತಲೇಬೇಕೆಂದು ನಾನು ಹಟ ಹಿಡಿದೆ. ಲೇವಾದೇವಿ ನಡೆಸಲು ಲೈಸೆನ್ಸು ಬೇಕು. ಅಡಮಾನವಿದ್ದರೆ ವರ್ಷಕ್ಕೆ ಶೇ 14, ಇಲ್ಲದಿದ್ದರೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಮೂವತ್ತಾರು. ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಸೊಸೈಟಿ ಕಟ್ಟಡದ ಜಗಲಿಯಲ್ಲಿ ಕೂತೆವು. ಮನೆಯಲ್ಲಿ ಬೇಡ ಎಂದದ್ದು ಅವ್ವ. ಅಪ್ಪ ಕೊಟ್ಟ ಬಡ್ಡಿಯನ್ನು ನಾನು ಶಾಲೆಯ ನೋಟ್‌ಬುಕ್ಕಿನಲ್ಲಿ ತಿಂಗಳವಾರು ಬರೆದು ತಂದಿದ್ದೆ. ಸಾಹುಕಾರರು ಬಹಳ ಹೊತ್ತು ಆ ಹಾಳೆ ನೋಡಿದರು. ತಾವೂ ಮಗಳ ಒಡವೆ ಅಡವಿಟ್ಟು ದುಡ್ಡು ತಿರುಗಿಸುತ್ತಿರುವುದನ್ನು ಹೇಳಿಕೊಂಡರು. ಕೊನೆಗೆ ಬಡ್ಡಿ ಅಲ್ಲಿಗೆ ನಿಲ್ಲಿಸಿ, ಉಳಿದ ಅಸಲನ್ನು ಎರಡು ಬೆಳೆಯಲ್ಲಿ ತೀರಿಸುವ ಮಾತಾಯಿತು. ಮಾತಿನಂತೆ ತೀರಿತು. ಅಪ್ಪ ಸಹಿ ಹಾಕಿದ್ದ ಪ್ರಾಮಿಸರಿ ನೋಟನ್ನು ಹಿರಿಯರ ಎದುರೇ ವಾಪಸು ಪಡೆದೆವು.

ಸಂಘದ ಸಾಲಕ್ಕೆ ಕೊನೆ ಹಾಡಿದ್ದು ಅವ್ವ. ಒಂದು ಸಂಜೆ ಅವಳೇ ಹೊರಗೆ ಬಂದು ಹುಡುಗನಿಗೆ ನೀರು ಕೊಟ್ಟು, ‘ನೋಡು ಮಗ, ದುಡ್ಡು ಕೊಡಾಕಿಲ್ಲ ಅಂದಿಲ್ಲ ನಾನು. ಇಲ್ಲಿ ಕೂರಬ್ಯಾಡ. ಎಲ್ಲಾರೂ ಕಟ್ಟೋ ಜಾಗದಲ್ಲಿ, ಎಲ್ಲಾರ ಮುಂದೆ, ನನ್ನ ಕೈಲಾದಷ್ಟು ಕಟ್ತೀನಿ. ಕಟ್ಟಿದ್ದುಕ್ಕೆ ರಸೀದಿ ಕೊಡು. ಇನ್ನೂ ಎಷ್ಟು ಉಳಿದೈತೆ ಅಂತ ಬರ್ಕೊಡು’ ಎಂದಳು. ಮಾರನೇ ವಾರ ಗುಂಪಿನ ಹೆಂಗಸರೆಲ್ಲ ಸೇರಿ ಮೇಲಿನ ಅಧಿಕಾರಿಯನ್ನು ಕರೆಸಿ ಅದನ್ನೇ ಹೇಳಿದರು. ಕಂತು ಸಣ್ಣದಾಯಿತು, ಅವಧಿ ಉದ್ದವಾಯಿತು. 2020ರ ಲಾಕ್‌ಡೌನ್‌ನಲ್ಲಿ ರಿಸರ್ವ್ ಬ್ಯಾಂಕು ಕಂತು ಮುಂದೂಡಲು ಅವಕಾಶ ಕೊಟ್ಟಾಗ ಒಂದಷ್ಟು ಉಸಿರಾಡಿದೆವು. ಮುಂದೂಡಿದ ತಿಂಗಳುಗಳಿಗೂ ಬಡ್ಡಿ ಬೆಳೆಯುತ್ತದೆಂದು ತಿಳಿದ ಅವ್ವ, ಕೂಲಿ ಸಿಕ್ಕ ವಾರಗಳಲ್ಲಿ ತಾನಾಗಿಯೇ ಕಟ್ಟಿದಳು.

ಅವ್ವ ಅಂದು ತನ್ನ ಬುದ್ಧಿಯಿಂದ ಕೇಳಿದ್ದು ಆಮೇಲೆ ಬರೆದ ನಿಯಮವೇ ಆಯಿತು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಕಿರುಸಾಲ ನಿರ್ದೇಶನದ ಪ್ರಕಾರ ವಸೂಲಿ ಇಬ್ಬರೂ ಒಪ್ಪಿದ ಗೊತ್ತಾದ ಜಾಗದಲ್ಲಿ ನಡೆಯಬೇಕು. ಸಾಲಗಾರರು ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಷ್ಟರನ್ನು ಕಾಡುವಂತಿಲ್ಲ, ಬೆದರಿಸುವಂತಿಲ್ಲ. ಒಂದು ಕುಟುಂಬ ತಿಂಗಳಿಗೆ ಕಟ್ಟುವ ಎಲ್ಲ ಕಂತುಗಳೂ ಸೇರಿ ಅದರ ತಿಂಗಳ ಆದಾಯದ ಅರ್ಧ ಮೀರಬಾರದು.

ನಿಯಮ ಬಂದು ಮೂರು ವರ್ಷವಾಗುತ್ತಾ ಬಂದರೂ, 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಕಿರುಸಾಲದ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಓದಿದೆವು. ಪ್ರಾಣ ಕಳೆದುಕೊಂಡವರ ಸುದ್ದಿಯೂ ಬಂತು. ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಮ್ಮೆ ವಾಪಸು ಕಳಿಸಿದ ರಾಜ್ಯಪಾಲರು ಫೆಬ್ರವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನೋಂದಾಯಿತ ಸಂಸ್ಥೆಗಳ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ಅದು ಕಾಯುವುದು ಸಾಲಗಾರರ ಮರ್ಯಾದೆಯನ್ನು.

ಮೂರು ಸಾಲ ತೀರಿಸಿದ ಮನೆಯವಳಾಗಿ ನನಗನ್ನಿಸುವುದು ಇಷ್ಟು. ಬಾಕಿ ಬಿದ್ದವರನ್ನು ಮುಳುಗಿಸುವುದು ಬಾಕಿಗಿಂತ ಹೆಚ್ಚಾಗಿ ಅದನ್ನು ಒಬ್ಬರೇ ಹೊತ್ತು ಬಚ್ಚಿಡುವುದು. ಹೊಸಿಲಲ್ಲಿ ನಡೆಯುವ ವಸೂಲಿಯಲ್ಲಿ ಲೆಕ್ಕವಿರುವುದಿಲ್ಲ, ನಾಚಿಕೆ ಮಾತ್ರ ಇರುತ್ತದೆ. ಅದೇ ಸಾಲವನ್ನು ಮೇಜಿನ ಮೇಲೆ, ಕಾಗದದಲ್ಲಿ, ಇಬ್ಬರು ಸಾಕ್ಷಿಗಳ ಎದುರು ಇಟ್ಟರೆ ಅದು ಕೂಡಿ ಕಳೆಯಬಹುದಾದ ಲೆಕ್ಕವಾಗುತ್ತದೆ.

ಆದ್ದರಿಂದ ಊರಲ್ಲಿ ಯಾರೇ ಕಾಗದ ಹಿಡಿದು ಬಂದರೂ ನಾನು ಮೊದಲು ಅದನ್ನು ಒಡೆದು ಗಟ್ಟಿಯಾಗಿ ಓದುತ್ತೇನೆ. ಅಸಲು, ಬಡ್ಡಿ, ಸುಸ್ತಿ ಬಡ್ಡಿ ಬೇರೆ ಬೇರೆ ಬರೆದುಕೊಡಿ ಎಂದು ಕೇಳಲು ಹೇಳುತ್ತೇನೆ. ಕೈಲಾದಷ್ಟು ಕಟ್ಟುವ ಮಾತನ್ನು ಅರ್ಜಿಯಲ್ಲಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಹೇಳುತ್ತೇನೆ. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯಲ್ಲಿ ಸಾಲ ಎತ್ತಬೇಡಿ ಎನ್ನುತ್ತೇನೆ. ಬ್ಯಾಂಕು, ಕಂಪನಿಯವರು ದೂರಿಗೆ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆಯಿದೆ, 14448ಕ್ಕೆ ಕರೆ ಮಾಡಿ ವಿಚಾರಿಸಬಹುದು. ಕಾನೂನು ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ನೆರವು ಉಚಿತ. ಸಾಲ ತೀರಿದ ದಿನವೇ ಬೇಬಾಕಿ ಪತ್ರ ಪಡೆದು, ಪಹಣಿಯಲ್ಲಿ ಬ್ಯಾಂಕಿನ ಋಣ ತೆಗೆಸುವವರೆಗೆ ಕೆಲಸ ಮುಗಿಯಲಿಲ್ಲವೆಂದು ತಿಳಿಯಬೇಕು.

ಇದೆಲ್ಲಕ್ಕಿಂತ ಹೆಚ್ಚಿನದು ಜೊತೆಗೆ ಹೋಗುವ ಒಬ್ಬ ಮನುಷ್ಯ. ಅಪ್ಪ ಒಬ್ಬರೇ ಆ ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ನಿಮ್ಮ ಪಕ್ಕದ ಮನೆಯವರು ರಸ್ತೆ ಬದಲಿಸಿ ಓಡಾಡುತ್ತಿದ್ದರೆ, ಯಾಕೆಂದು ಕೇಳಿ. ಓದು ಬಲ್ಲವರಾಗಿದ್ದರೆ ಅವರ ಕಾಗದ ಓದಿ ಹೇಳಿ. ಒಂದು ದಿನದ ಕೆಲಸ ಬಿಟ್ಟು ಅವರ ಪಕ್ಕದ ಕುರ್ಚಿಯಲ್ಲಿ ಕೂತುಬನ್ನಿ. ಒಂದು ಬೆಳೆ ಹೋದರೆ ಇನ್ನೊಂದು ಬೆಳೆ ಬರುತ್ತದೆ, ಅಲ್ಲಿಯವರೆಗೆ ಆ ಮನೆಯವರು ಊರಲ್ಲೇ ತಲೆಯೆತ್ತಿ ಬದುಕುವಂತೆ ನೋಡಿಕೊಳ್ಳುವುದು ನಮ್ಮಿಂದ ಆಗುವ ಕೆಲಸ.